ಮಲಗಿದರೂ ತೀರದ ದಣಿವು

ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದವರನ್ನು ಮನೆಯಲ್ಲಿ ನೋಡಿಕೊಳ್ಳುವವರು ನೋವಿನ ಬಗ್ಗೆ ಡಾಕ್ಟರನ್ನು ಕೇಳುತ್ತಾರೆ, ವಾಂತಿಯ ಬಗ್ಗೆ ಕೇಳುತ್ತಾರೆ. ಸುಸ್ತಿನ ಬಗ್ಗೆ ಕೇಳುವುದು ಕಡಿಮೆ. ಇಂಥ ಕಾಯಿಲೆ ಎಂದ ಮೇಲೆ ಅದು ಇದ್ದದ್ದೇ ಎಂದುಕೊಂಡು ಸುಮ್ಮನಾಗುತ್ತಾರೆ. ಕಾಯಿಲೆ ಬಲಿತ ಮೇಲೆ ಬಹುಪಾಲು ರೋಗಿಗಳನ್ನು ಕಾಡುವುದು ಮಾತ್ರ ಇದೇ. ಹಲವರಿಗೆ ಇದು ನೋವಿಗಿಂತ ದೊಡ್ಡ ಸಂಕಟ, ಯಾಕೆಂದರೆ ನೋವಿಗೆ ಮಾತ್ರೆ ಇದೆ.

ಇಲ್ಲಿ ಮಾತಾಡುವವರು ಇಬ್ಬರು. ಒಬ್ಬಳು ಮೈಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು. ಇನ್ನೊಬ್ಬರು ಮನೆಮನೆಗೆ ಹೋಗಿ ಇಂಥ ರೋಗಿಗಳ ಆರೈಕೆ ಮಾಡುವ ಹಿರಿಯ ನರ್ಸ್. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್. ಅದು ಲಿವರಿಗೆ ಹರಡಿದೆ, ಕೀಮೊ ನಿಲ್ಲಿಸಿದ್ದಾರೆ. ಇಬ್ಬರೂ ನಾನು ಬರೆಯಲೆಂದು ಕೂರಿಸಿದ ಪಾತ್ರಗಳೇ. ಅವರ ಮಾತು ಎಷ್ಟೋ ಅಡುಗೆಮನೆಗಳಲ್ಲಿ ತಗ್ಗಿದ ದನಿಯಲ್ಲಿ ನಡೆಯುತ್ತಿರುತ್ತದೆ.

ಮಗಳು: ಸಿಸ್ಟರ್, ನೇರವಾಗಿ ಕೇಳ್ತೀನಿ. ಅಪ್ಪ ಯಾಕೆ ಇಷ್ಟು ಮಲಗ್ತಾರೆ? ರಾತ್ರಿ ಒಂಬತ್ತಕ್ಕೆ ಮಲಗಿದವರು ಬೆಳಿಗ್ಗೆ ಎಂಟಕ್ಕೆ ಏಳ್ತಾರೆ. ಮುಖ ತೊಳೆದು ಬರೋಷ್ಟರಲ್ಲಿ ಮತ್ತೆ ಸುಸ್ತು ಅಂತಾರೆ. ಎಚ್.ಡಿ. ಕೋಟೆ ರೂಟಲ್ಲಿ ದಿನವಿಡೀ ನಿಂತ್ಕೊಂಡೇ ಟಿಕೆಟ್ ಕೊಟ್ಟವರು ಅವರು.

ನರ್ಸ್: ಡ್ಯೂಟಿ ಮುಗಿಸಿ ಬಂದಾಗ ಆಗ್ತಿದ್ದ ಸುಸ್ತು ನಿದ್ದೆ ಮಾಡಿದ್ರೆ ಹೋಗ್ತಿತ್ತು. ಇದು ಹೋಗಲ್ಲ ಮೇಡಂ. ಏನೂ ಕೆಲಸ ಮಾಡದೇನೇ ಬರುತ್ತೆ. ಕೈಕಾಲಿಗೆ ಮಾತ್ರ ಅಲ್ಲ, ತಲೆಗೂ ಬರುತ್ತೆ. ಪೇಪರ್ ಕೈಗೆ ತಗೊಂಡು ಎರಡನೇ ಸಾಲಿಗೆ ಬಿಟ್ಟುಬಿಡ್ತಾರಲ್ಲ, ಅದೂ ಇದರದ್ದೇ ಕೆಲಸ.

ಮಗಳು: ಸರಿ, ಈ ಸುಸ್ತೇ ಬೇರೆ. ಆದ್ರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ? ಡಾಕ್ಟರ್ ಹತ್ರ ಕೇಳಿದ್ರೆ ‘ಕಾಯಿಲೆಯೇ ಹಾಗೆ’ ಅಂದ್ರು. ನನ್ನ ಕ್ಲಾಸಿನ ಮಕ್ಕಳು ಪರೀಕ್ಷೆಯಲ್ಲಿ ಹಾಗೆ ಬರೆದ್ರೆ ನಾನು ಮಾರ್ಕ್ಸ್ ಕೊಡಲ್ಲ.

ನರ್ಸ್: ಕೊಡಲೂಬಾರದು. ಕಾರಣ ಒಂದಲ್ಲ, ಹತ್ತಾರು ಒಟ್ಟಿಗೆ ಸೇರಿರ್ತವೆ. ಅದಕ್ಕೇ ಯಾವುದೋ ಒಂದು ಮಾತ್ರೆಗೆ ಇದು ಜಗ್ಗಲ್ಲ. ಮೊದಲ ಕಾರಣ ಕ್ಯಾನ್ಸರೇ. ಗಡ್ಡೆ ಒಳಗಿದ್ದಾಗ ಮೈಯೆಲ್ಲ ಸದಾ ಉರಿಯೂತದಲ್ಲಿರುತ್ತೆ. ಸೈಟೊಕೈನ್ ಅನ್ನೋ ರಾಸಾಯನಿಕಗಳು ರಕ್ತದಲ್ಲಿ ಓಡಾಡ್ತಿರ್ತವೆ. ಫ್ಲೂ ಜ್ವರ ಬಂದಾಗ ಯಾರೂ ಮಾತಾಡಿಸಬೇಡಿ, ಬಿದ್ಕೊಂಡಿರ್ತೀನಿ ಅನ್ಸುತ್ತಲ್ಲ, ಹಾಗೆ ಮಾಡೋದು ಇವೇ. ಫ್ಲೂ ಒಂದು ವಾರಕ್ಕೆ ಹೋಗುತ್ತೆ, ಇದು ಹೋಗಲ್ಲ. ಸಾಲದ್ದಕ್ಕೆ ಸ್ನಾಯುಗಳನ್ನೂ ಕರಗಿಸುತ್ತೆ. ನಿಮ್ಮ ತಂದೆಯ ತೊಡೆ ನೋಡಿದೀರಲ್ಲ?

ಮಗಳು: ಸ್ನಾನ ಮಾಡಿಸೋವಾಗ ನೋಡೋಕಾಗಲ್ಲ ಸಿಸ್ಟರ್. ಅದಕ್ಕೇ ಊಟ, ಊಟ ಅಂತ ಅವರ ಹಿಂದೆ ಬಿದ್ದಿರೋದು. ರಾಗಿ ಗಂಜಿ, ಮೊಟ್ಟೆ, ಪ್ರೋಟೀನ್ ಪುಡಿ. ತಿಂದ್ರೆ ತಾನೇ ಶಕ್ತಿ ಬರೋದು?

ನರ್ಸ್: ಹಸಿದು ಸೊರಗಿದವರಿಗೆ ಅನ್ನ ಕೊಟ್ರೆ ಮೈ ತುಂಬ್ಕೊಳ್ಳುತ್ತೆ. ಇವರದ್ದು ಹಸಿದು ಸೊರಗಿದ್ದಲ್ಲ. ಒಳಗೆ ಉರಿಯೂತ ಇರೋವರೆಗೂ ಹಾಕಿದ ಊಟ ಮೈಗೆ ಹತ್ತಲ್ಲ. ‘ಇನ್ನೊಂದೇ ಒಂದು ತುತ್ತು’ ಅಂತ ಬಲವಂತ ಮಾಡಿದ್ರೆ ಹೊಟ್ಟೆ ಉಬ್ಬರಿಸುತ್ತೆ, ವಾಂತಿಯಾಗುತ್ತೆ. ಒಂದು ಸಲ ವಾಂತಿ ಮಾಡಿದವರು ಅರ್ಧ ದಿನ ಏಳಲ್ಲ.

ಮಗಳು: ತಿನ್ನಿಸಬೇಡಿ ಅಂತೀರಾ? ನಮ್ಮಮ್ಮನ ಮುಂದೆ ಈ ಮಾತು ಹೇಳಬೇಡಿ.

ನರ್ಸ್: ಕೇಳಿದ್ದನ್ನ, ಕೇಳಿದಾಗ, ಕೇಳಿದಷ್ಟು ಕೊಡಿ ಅಂತೀನಿ. ನಿನ್ನೆ ಅವರು ಮಜ್ಜಿಗೆ ಕೇಳಿದ್ರು. ನೀವು ಗಂಜಿ ಕೊಟ್ರಿ.

ಮಗಳು: ಮಜ್ಜಿಗೆಯಲ್ಲಿ ಏನಿರುತ್ತೆ ಸಿಸ್ಟರ್?

ನರ್ಸ್: ಅವರಿಗೆ ರುಚಿಸೋದು ಇರುತ್ತೆ.

ಮಗಳು: ನೀವು ಇಲ್ಲಿವರೆಗೆ ಹೇಳಿದ್ದೆಲ್ಲ ಕೈಲಾಗದ್ದರ ಲೆಕ್ಕ. ಉರಿಯೂತ ಇಳಿಸೋಕಾಗಲ್ಲ, ಸ್ನಾಯು ಬೆಳೆಸೋಕಾಗಲ್ಲ. ಸರಿ ಮಾಡಬಹುದಾದ್ದು ಒಂದೂ ಇಲ್ವಾ?

ನರ್ಸ್: ಇದೆ. ಅವರ ಮಾತ್ರೆಗಳನ್ನೆಲ್ಲ ತನ್ನಿ.

ಮಗಳು ಬಟ್ಟೆ ಅಂಗಡಿಯ ಕವರೊಂದನ್ನು ತಂದು ಮೇಜಿನ ಮೇಲೆ ಸುರಿಯುತ್ತಾಳೆ. ಸ್ಟ್ರಿಪ್ಪುಗಳು, ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು, ಮುಚ್ಚಳ ಅಂಟಂಟಾದ ಒಂದು ಕೆಮ್ಮಿನ ಸಿರಪ್ಪು. ನರ್ಸ್ ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ತಿರುಗಿಸಿ ಬೆನ್ನಿನ ಸಣ್ಣ ಅಕ್ಷರ ಓದಿ, ಎರಡು ಸಾಲಾಗಿ ಜೋಡಿಸುತ್ತಾರೆ.

ನರ್ಸ್: ಆಮ್ಲೊಡಿಪಿನ್ 5. ಬಿ.ಪಿ.ಯದ್ದು. ಎಷ್ಟು ವರ್ಷದಿಂದ ತಗೋತಿದ್ದಾರೆ?

ಮಗಳು: ಹತ್ತು ವರ್ಷವಾದ್ರೂ ಆಗಿದೆ. ಒಂದು ದಿನವೂ ತಪ್ಪಿಸಿಲ್ಲ.

ನರ್ಸ್: ಶುರು ಮಾಡಿದಾಗ ಎಪ್ಪತ್ತು ಕೆ.ಜಿ. ಮನುಷ್ಯ. ಈಗ ಐವತ್ತೂ ಇಲ್ಲ. ಈಗ ತಾನೇ ನೋಡಿದ್ನಲ್ಲ, ಬಿ.ಪಿ. 96/60. ಎದ್ದು ನಿಂತ್ರೆ ಕಣ್ಣು ಕತ್ತಲೆ ಬರದೇ ಇರುತ್ತಾ? ಇದು ಗ್ಲಿಮೆಪಿರೈಡ್, ಸಕ್ಕರೆ ಇಳಿಸೋದು. ಬೆಳಿಗ್ಗೆ ಅರ್ಧ ಇಡ್ಲಿ ತಿಂದವರಿಗೆ ಇದನ್ನ ಕೊಟ್ರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರ್ತಾರೆ, ಕೈ ನಡುಗುತ್ತೆ, ಮಂಕಾಗ್ತಾರೆ.

ಮಗಳು: ಹನ್ನೊಂದು ಗಂಟೆ ಹೊತ್ತಿಗೆ ದಿನಾ ಹಾಗೇ ಆಗುತ್ತೆ. ಅದನ್ನೂ ನಾವು ಕ್ಯಾನ್ಸರ್ ಲೆಕ್ಕಕ್ಕೇ ಹಾಕಿದ್ವಿ.

ನರ್ಸ್: ಎಲ್ರೂ ಹಾಗೇ ಮಾಡೋದು. ಮಾತ್ರೆ ನಿಲ್ಲಿಸೋ ಅಧಿಕಾರ ನನಗಿಲ್ಲ. ಡಾಕ್ಟರಿಗೆ ಈಗಲೇ ಫೋನ್ ಮಾಡ್ತೀನಿ, ನಾಳೆ ಬೆಳಗಿನ ಮಾತ್ರೆ ಕೊಡೋ ಮುಂಚೆ ಅವರು ಹೇಳಲಿ. ಈ ಕಡೆ ಸಾಲಲ್ಲಿರೋದೆಲ್ಲ ಮಂಪರು ತರೋವು. ನಿದ್ದೆಗೆ ಅಲ್ಪ್ರಜೋಲಂ, ನರದ ನೋವಿಗೆ ಪ್ರೆಗಾಬಲಿನ್, ಕೆಮ್ಮಿನ ಸಿರಪ್ಪು. ಬೇರೆ ಬೇರೆ ಡಾಕ್ಟರು ಬೇರೆ ಬೇರೆ ದಿನ ಬರೆದಿದ್ದಾರೆ. ಒಂದೊಂದಕ್ಕೂ ಆ ದಿನ ಕಾರಣ ಇತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಿಲ್ಲ.

ಮಗಳು: ನನಗೆ ಮೊದಲಿಂದ ಅನುಮಾನ ಇದ್ದದ್ದು ಮಾರ್ಫಿನ್ ಮೇಲೆ. ಅದನ್ನ ಅರ್ಧ ಮಾಡೋಣ ಅಂತಿದ್ದೆ.

ನರ್ಸ್: ದಯವಿಟ್ಟು ಬೇಡ. ಮೈಯನ್ನ ನೋವು ಸುಸ್ತು ಮಾಡಿದಷ್ಟು ಮಾರ್ಫಿನ್ ಮಾಡಲ್ಲ. ನೋವಿದ್ದವರು ರಾತ್ರಿಯಿಡೀ ಹಲ್ಲು ಕಚ್ಚಿಕೊಂಡು, ಮಗ್ಗುಲು ಬದಲಾಯಿಸ್ತಾ ಕಳೀತಾರೆ, ಹಗಲು ಹೆಣದ ಹಾಗೆ ಬಿದ್ದಿರ್ತಾರೆ. ಮಾರ್ಫಿನ್ ಶುರು ಮಾಡಿದ ಕೆಲವು ದಿನ ಮಂಪರು ಇರುತ್ತೆ, ಆಮೇಲೆ ಮೈ ಒಗ್ಗಿಕೊಳ್ಳುತ್ತೆ. ಒಗ್ಗಿದ ಮೇಲೆ ಹೊಸದಾಗಿ ಮಂಪರು ಕವಿದ್ರೆ ಕಿಡ್ನಿ ಸೋತಿದ್ಯಾ, ಮೈಯಲ್ಲಿ ನೀರು ಕಮ್ಮಿಯಾಗಿದ್ಯಾ ಅಂತ ನೋಡಿ ಡೋಸ್ ಬದಲಿಸಬೇಕು. ಅದು ಡಾಕ್ಟರ್ ಕೆಲಸ. 1985ರ ಮಾದಕ ವಸ್ತು ಕಾನೂನು ಬಂದ ಮೇಲೆ ಆಸ್ಪತ್ರೆಗಳು ಈ ಮಾತ್ರೆ ಇಟ್ಕೊಳ್ಳೋದಕ್ಕೇ ಹೆದರ್ತಿದ್ವು. 2014ರಲ್ಲಿ ತಿದ್ದುಪಡಿ ಆಗಿ ದಾರಿ ಒಂದಿಷ್ಟು ಸಲೀಸಾಯ್ತು. ಅಷ್ಟು ಕಷ್ಟಪಟ್ಟು ರೋಗಿಯ ಕೈಗೆ ಬಂದ ಮಾತ್ರೆಯನ್ನ ಮನೆಯವರೇ ಮುರಿದ್ರೆ ನನಗೆ ಸಂಕಟ ಆಗುತ್ತೆ.

ಮಗಳು: ಮುರಿಯಲ್ಲ ಬಿಡಿ. ರಕ್ತದ ವಿಷಯ ಹೇಳಿ. ಹಿಮೋಗ್ಲೋಬಿನ್ ಏಳೂವರೆ ಇದೆ. ಅಮ್ಮ ದಿನಾ ಬೀಟ್‌ರೂಟ್, ದಾಳಿಂಬೆ, ಖರ್ಜೂರ ಅಂತ ಒದ್ದಾಡ್ತಾರೆ.

ನರ್ಸ್: ಪಾಪ, ಅವರ ಶ್ರಮ. ಉರಿಯೂತ ಇದ್ದಾಗ ಮೈ ತನ್ನ ಹತ್ರ ಇರೋ ಕಬ್ಬಿಣವನ್ನೇ ಬಚ್ಚಿಡುತ್ತೆ, ರಕ್ತ ತಯಾರಾಗೋ ಮಜ್ಜೆಗೆ ಬಿಡಲ್ಲ. ಜತೆಗೆ ಹೊಟ್ಟೆಯ ಗಡ್ಡೆಯಿಂದ ರಕ್ತ ಒಸರ್ತಿರಬಹುದು. ಮಲ ಟಾರಿನಷ್ಟು ಕಪ್ಪಗೆ ಬಂದ್ರೆ ಆಗಲೇ ತಿಳಿಸಿ. ರಕ್ತ ಹಾಕಿಸಿದ್ರೆ ಕೆಲವರು ಗೆಲುವಾಗ್ತಾರೆ, ಆದ್ರೆ ಎರಡು ವಾರ ಕಳೆಯೋಷ್ಟರಲ್ಲಿ ಅದು ಇಳಿಯುತ್ತೆ. ಕೆಲವರಿಗೆ ಏನೂ ಅನ್ನಿಸಲ್ಲ. ಆಂಬುಲೆನ್ಸು, ಆಸ್ಪತ್ರೆಯ ಹಾಸಿಗೆ, ಸೂಜಿ, ಇಡೀ ದಿನ. ಅದಕ್ಕೇ ಡಾಕ್ಟರು ಹಿಂದೆಮುಂದೆ ನೋಡೋದು.

ಮಗಳು: ಎರಡು ವಾರ ಅಂದ್ರೆ ನಿಮಗೆ ಕಡಿಮೆ ಅನ್ಸುತ್ತಾ? ನನ್ನ ತಮ್ಮ ದುಬೈಯಲ್ಲಿದ್ದಾನೆ. ಮುಂದಿನ ತಿಂಗಳು ಬರ್ತಾನೆ. ಆ ಎರಡು ವಾರ ಅಪ್ಪ ದಿಂಬಿಗೆ ಒರಗಿ ಕೂತು ಅವನ ಜತೆ ಮಾತಾಡಿದ್ರೆ ನಮಗೆ ಇನ್ನೇನು ಬೇಕು?

ನರ್ಸ್: ಇದಕ್ಕೆ ನನ್ನ ಹತ್ರ ಎದುರು ಮಾತಿಲ್ಲ. ಖಂಡಿತ ಕೇಳಿ ಹಾಕಿಸಿ. ಆದ್ರೆ ಹಾಕಿಸೋದಾದ್ರೆ ತಮ್ಮ ಬರೋ ಹೊತ್ತಿಗೆ ಸರಿಯಾಗಿ ಹಾಕಿಸಿ.

ಮಗಳು: ಅಲ್ಲಿವರೆಗೆ ತಡೆಯುತ್ತಾ?

ನರ್ಸ್: ತಮ್ಮನಿಗೆ ಮುಂದಿನ ತಿಂಗಳು ಬೇಡ, ಈ ವಾರವೇ ಬಾ ಅನ್ನಿ.

ಮಗಳು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಮೇಜಿನ ಮೇಲಿನ ಸ್ಟ್ರಿಪ್ಪುಗಳನ್ನು ಕವರಿಗೆ ತುಂಬುತ್ತಾಳೆ.

ಮಗಳು: ಕ್ಯಾಲ್ಸಿಯಂ, ಸೋಡಿಯಂ, ಥೈರಾಯ್ಡ್ ಅಂತೆಲ್ಲ ಓದಿದ್ದೆ. ಅವೂ ಸುಸ್ತು ತರುತ್ತವಂತೆ?

ನರ್ಸ್: ತರುತ್ತವೆ. ಕ್ಯಾಲ್ಸಿಯಂ ಏರಿದ್ರೆ ಬಾಯಾರಿಕೆ, ಮಲಬದ್ಧತೆ, ಮಂಕು. ಡ್ರಿಪ್ಪು, ಇಂಜೆಕ್ಷನ್ನಿಗೆ ಇಳಿಯುತ್ತೆ. ಒಂದೇ ಸಲ ರಕ್ತ ತೆಗೆದು ಎಲ್ಲವನ್ನೂ ನೋಡಬಹುದು. ಸೋಂಕಿದ್ರೂ ಹೀಗೇ ಆಗುತ್ತೆ, ಉಸಿರು ಸಾಲದಿದ್ರೂ ಆಗುತ್ತೆ.

ಮಗಳು: ಸ್ಟೀರಾಯ್ಡ್ ಕೊಟ್ರೆ ಎದ್ದು ಓಡಾಡ್ತಾರೆ ಅಂತ ಪಕ್ಕದ ಮನೆಯವರು ಹೇಳಿದ್ರು.

ನರ್ಸ್: ಅದು ಪೂರ್ತಿ ಸುಳ್ಳಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಕ್ಯಾನ್ಸರ್ ಬಲಿತವರಿಗೆ ಡೆಕ್ಸಾಮೆಥಸೋನ್ 4 ಮಿ.ಗ್ರಾಂ. ದಿನಕ್ಕೆರಡು ಸಲ, ಹದಿನಾಲ್ಕು ದಿನ ಕೊಟ್ಟು ನೋಡಿದ್ರು. ಔಷಧಿಯೇ ಇಲ್ಲದ ಮಾತ್ರೆ ತಗೊಂಡವರಿಗಿಂತ ಇವರ ಸುಸ್ತು ಕಡಿಮೆಯಾಯ್ತು. ಕೊಟ್ಟಿದ್ದು ಎರಡೇ ವಾರ, ಅದನ್ನ ನೆನಪಿಡಿ. ಜಾಸ್ತಿ ದಿನ ಕೊಟ್ರೆ ಸಕ್ಕರೆ ಏರುತ್ತೆ, ಬಾಯಿ ಹುಣ್ಣಾಗುತ್ತೆ, ತೊಡೆಯ ಸ್ನಾಯು ಇನ್ನೂ ಸೋಲುತ್ತೆ. ಸಂಜೆ ಕೊಟ್ರೆ ರಾತ್ರಿಯೆಲ್ಲ ಎಚ್ಚರ. ಮೀಥೈಲ್‌ಫೆನಿಡೇಟ್ ಅಂತ ಇನ್ನೊಂದು ಮಾತ್ರೆ ಮೇಲೂ ಬಹಳ ಆಸೆ ಇಟ್ಕೊಂಡಿದ್ರು. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಅದು ಔಷಧಿ ಇಲ್ಲದ ಬರೀ ಮಾತ್ರೆಗಿಂತ ಮೇಲು ಅಂತ ಸಾಬೀತಾಗಲಿಲ್ಲ.

ಮಗಳು: ಹಾಗಾದ್ರೆ ಎಬ್ಬಿಸಿ ಓಡಾಡಿಸೋಣ್ವಾ? ಕೀಮೊ ಕೊಡೋವಾಗ ‘ದಿನಾ ನಡೆಸಿ, ವ್ಯಾಯಾಮದಷ್ಟು ಒಳ್ಳೇದು ಬೇರೆ ಇಲ್ಲ’ ಅಂದಿದ್ರು. ಈಗ ನೀವು ಮಲಗಲಿ ಬಿಡಿ ಅಂತೀರಿ.

ನರ್ಸ್: ಆಗ ಅವರು ಹೇಳಿದ್ದು ಸರಿ. ಮಲಗೇ ಇದ್ರೆ ಉಳಿದ ಸ್ನಾಯುವೂ ಹೋಗುತ್ತೆ. ಈಗಲೂ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಾಗಿಲಿಗೆ ಅಂತ ಅವರಿಗೆ ಮನಸ್ಸಿದ್ದಾಗ ನಡೆಸಿ. ಆದ್ರೆ ಅವರ ದಿನದ ಶಕ್ತಿ ಈಗ ಕಂಡಕ್ಟರ್ ಬ್ಯಾಗಿನ ತಳದಲ್ಲಿ ಉಳಿದ ಚಿಲ್ಲರೆ ಹಾಗೆ. ಬೆಳಿಗ್ಗೆ ಇರೋದಷ್ಟೇ, ಮಧ್ಯದಲ್ಲಿ ಯಾರೂ ಹಾಕಲ್ಲ. ನೀವು ಎಂಟು ಗಂಟೆಗೆ ಸ್ನಾನ ಮಾಡಿಸ್ತೀರಿ, ಅರ್ಧ ಖರ್ಚು. ಒಂಬತ್ತಕ್ಕೆ ತಿಂಡಿಗೆ ಬಲವಂತ, ಕಾಲು ಭಾಗ ಖರ್ಚು. ಹತ್ತರಿಂದ ನೆಂಟರು. ಒಬ್ಬೊಬ್ಬರಿಗೂ ಅವರು ಕಣ್ಣು ಬಿಟ್ಟು, ಚೆನ್ನಾಗಿದೀನಿ ಅನ್ನಬೇಕು. ಬಂದವರು ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಹೀಗೆ ಮಲಗಿದ್ರೆ ಹೇಗೆ’ ಅಂತ ಬುದ್ಧಿ ಬೇರೆ ಹೇಳ್ತಾರೆ. ಅವರೇನು ಮನಸ್ಸು ಬಿಟ್ಟು ಮಲಗಿದಾರಾ?

ಮಗಳು: ಬಿಟ್ಟಿರಬಹುದಲ್ವಾ? ಖಿನ್ನತೆ ಇದ್ರೂ ಹೀಗೇ ಮಲಗ್ತಾರೆ. ಅದಕ್ಕೂ ಔಷಧಿ ಇದೆ. ನೀವು ಅದನ್ನ ಸುಸ್ತು ಅಂತ ತಳ್ಳಿ ಹಾಕ್ತಿಲ್ಲ ತಾನೇ?

ನರ್ಸ್: ಒಳ್ಳೇದು ಕೇಳಿದ್ರಿ. ಎರಡೂ ಒಟ್ಟಿಗೆ ಇರಬಹುದು, ಬೇರ್ಪಡಿಸೋದು ಸುಲಭವಲ್ಲ. ನಾನು ಒಂದು ಗಮನಿಸ್ತೀನಿ. ದಣಿದವರಿಗೆ ಆಸೆ ಇರುತ್ತೆ, ಮೈ ಬರಲ್ಲ. ಖಿನ್ನತೆ ಇದ್ದವರಿಗೆ ಆಸೆಯೇ ಇರಲ್ಲ. ಮೊನ್ನೆ ಮೊಮ್ಮಗಳ ರಿಪೋರ್ಟ್ ಕಾರ್ಡ್ ಕೇಳಿದ್ರಲ್ಲ, ನನಗೆ ಅದರಿಂದ ಸ್ವಲ್ಪ ಧೈರ್ಯ. ಆದ್ರೂ ಡಾಕ್ಟರಿಗೆ ಹೇಳ್ತೀನಿ. ಲಂಡನ್ನಿನಲ್ಲಿ 1967ರಲ್ಲಿ ಕೊನೆಯ ಹಂತದ ರೋಗಿಗಳ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು. ನೋವು ಬರೀ ಮೈಯದ್ದಲ್ಲ, ಮನಸ್ಸಿನದ್ದು, ಮನೆಯದ್ದು, ನಂಬಿಕೆಯದ್ದು ಎಲ್ಲಾ ಸೇರಿರುತ್ತೆ ಅಂದ್ರು. ಸುಸ್ತಿಗೂ ಆ ಮಾತು ಒಪ್ಪುತ್ತೆ. ಅದಕ್ಕೇ ಕೇಳ್ತೀನಿ, ಇರೋ ಶಕ್ತಿಯನ್ನ ಯಾವುದಕ್ಕೆ ಖರ್ಚು ಮಾಡ್ತೀರಿ ಅಂತ ನಿಮ್ಮ ತಂದೆಯನ್ನ ಯಾರಾದ್ರೂ ಕೇಳಿದೀರಾ?

ಮಗಳು: ಹೇಗೆ ಕೇಳೋದು? ಕಡಿಮೆ ದಿನ ಇದೆ ಅಂತ ಅವರಿಗೆ ಹೇಳಿಲ್ಲ. ಹೊಟ್ಟೆಹುಣ್ಣು, ಗುಣವಾಗುತ್ತೆ ಅಂತ ಹೇಳಿದೀವಿ.

ನರ್ಸ್: ಅವರಿಗೆ ಗೊತ್ತಿದೆ ಅಂತ ನನಗನ್ಸುತ್ತೆ. ಗೊತ್ತಿಲ್ಲದ ಹಾಗೆ ಇರೋದಕ್ಕೆ ಅವರು ಪಡ್ತಿರೋ ಶ್ರಮ ಇದ್ಯಲ್ಲ, ಅದೂ ದಣಿಸುತ್ತೆ. ನಿಮ್ಮನ್ನೂ ದಣಿಸಿದೆ. ನಿಮ್ಮ ಕಣ್ಣಿನ ಕೆಳಗೆ ನೋಡ್ಕೊಂಡಿದೀರಾ?

ಮಗಳು: ಹೇಳಿದ್ರೆ ಆ ಕ್ಷಣಕ್ಕೇ ಕುಸಿದುಹೋಗ್ತಾರೆ ಸಿಸ್ಟರ್. ನಿಮಗೆ ಇದು ದಿನದ ಕೆಲಸ, ನಮಗಿರೋದು ಒಬ್ಬರೇ ಅಪ್ಪ. ಅವರಿಗೆ ಗೊತ್ತಿದ್ರೆ ಅವರೇ ಬಾಯಿ ಬಿಡಲಿ. ಬಿಡ್ತಿಲ್ಲ ಅಂದ್ರೆ ಅವರಿಗೂ ಆ ಮಾತು ಬೇಡ ಅಂತಲೇ ಅರ್ಥ.

ನರ್ಸ್: ಇರಬಹುದು. ಅವರು ಕೇಳದೇ ನಾನಾಗಿ ಹೇಳಲ್ಲ. ಕೇಳಿದ್ರೆ ಸುಳ್ಳೂ ಹೇಳಲ್ಲ.

ಮಗಳು: ಅದನ್ನ ನಾನು ಒಪ್ಪಬೇಕಾ?

ನರ್ಸ್: ಒಪ್ಪಬೇಕಿಲ್ಲ. ಮುಂಚೆಯೇ ತಿಳಿಸ್ತಿದೀನಿ ಅಷ್ಟೇ. ರೋಗದ ಹೆಸರು ಎತ್ತದೇನೂ ಕೇಳಬಹುದು. ‘ಅಪ್ಪ, ಇವತ್ತು ಏನು ಮಾಡೋಕೆ ಇಷ್ಟ?’ ಅಂತ. ಸಂಜೆ ಬಾಗಿಲ ಹತ್ರ ಕೂರಬೇಕು ಅಂದ್ರೆ ಬೆಳಗಿನ ಸ್ನಾನ ಬಿಟ್ಟು ಮೈ ಒರೆಸಿ ಸಾಕು. ಬಚ್ಚಲಲ್ಲಿ ಸ್ಟೂಲ್ ಹಾಕಿ. ನೆಂಟರಿಗೆ ಒಂದು ಹೊತ್ತು ಗೊತ್ತು ಮಾಡಿ.

ಮಗಳು: ಅಷ್ಟು ಮಾಡ್ತೀನಿ. ಆದ್ರೆ ಇನ್ನೊಂದು ಮಾತು ನನ್ನನ್ನ ಕೊರೀತಿದೆ. ಹೋದ ವಾರ ನೀವೇ ಅಂದ್ರಿ, ಒಂದು ಹಂತ ಆದ ಮೇಲೆ ಈ ಸುಸ್ತನ್ನ ಓಡಿಸೋಕೆ ಹೋಗಬಾರದು ಅಂತ.

ನರ್ಸ್: ನಾನೊಬ್ಬಳೇ ಹೇಳೋದಲ್ಲ. ಇಂಥ ರೋಗಿಗಳ ಸಂಕಟ ಇಳಿಸೋ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಅಂತಾರೆ, ಯುರೋಪಿನ ಅದರ ಸಂಘದ ತಜ್ಞರು 2008ರಲ್ಲೇ ಬರೆದಿದ್ದಾರೆ. ತೀರಾ ಕೊನೆಯಲ್ಲಿ ದಣಿವೇ ರೋಗಿಯನ್ನ ಸಂಕಟದಿಂದ ಕಾಪಾಡೋ ಮರೆಯಾಗಿ ನಿಲ್ಲಬಹುದು, ಆಗ ಅದಕ್ಕೆ ಚಿಕಿತ್ಸೆ ಕೊಡೋದು ಕೆಡುಕೇ ಆಗಬಹುದು ಅಂತ. ನಾನೂ ನೋಡಿದೀನಿ. ಎಬ್ಬಿಸಿ ಎಬ್ಬಿಸಿ ಎಚ್ಚರ ಮಾಡಿದ್ರೆ ಮೊದಲು ಎಚ್ಚರ ಆಗೋದು ಭಯ, ಉಸಿರಾಟದ ಕಷ್ಟ.

ಮಗಳು: ಇದು ಮನೆಯವರ ಸಮಾಧಾನಕ್ಕೆ ಹೇಳೋ ಮಾತಲ್ವಾ? ಮಾಡೋದೇನೂ ಉಳಿದಿಲ್ಲ ಅನ್ನೋದನ್ನ ಚೆನ್ನಾಗಿ ಹೇಳಿದ ಹಾಗೆ. ಈಗ ನೋಡಿ, ಸಕ್ಕರೆ ಮಾತ್ರೆಯಿಂದ ಆಗ್ತಿದ್ದ ಸುಸ್ತನ್ನೂ ‘ಕೊನೆಯ ಹಂತ’ ಅಂತ ಬಿಟ್ಟಿದ್ರೆ?

ನರ್ಸ್: ಬಿಟ್ಟಿದ್ರೆ ದೊಡ್ಡ ಅನ್ಯಾಯ ಆಗ್ತಿತ್ತು. ಅದಕ್ಕೇ ಮೊದಲು ಹುಡುಕಬೇಕು. ಹುಡುಕದೇ ಇದನ್ನ ಕೊನೆ ಅನ್ನೋ ಹಕ್ಕು ಯಾರಿಗೂ ಇಲ್ಲ.

ಮಗಳು: ಹುಡುಕಿದ ಮೇಲೆ? ಇಲ್ಲಿಗೆ ಸಾಕು ಅಂತ ಯಾರು ಹೇಳ್ತಾರೆ? ಯಾವ ದಿನ?

ನರ್ಸ್: ದಿನ ಹೇಳೋಕೆ ನನಗೆ ಬರಲ್ಲ. ಕೆಲವು ಗುರುತಿವೆ. ದಿನವೆಲ್ಲ ಹಾಸಿಗೆ, ನೀರು ಬರೀ ಗುಟುಕು ಗುಟುಕು, ಮಾತ್ರೆ ನುಂಗೋಕಾಗಲ್ಲ, ಕರೆದ್ರೆ ಕಣ್ಣು ಬಿಟ್ಟು ಮತ್ತೆ ಮುಚ್ತಾರೆ. ಅಂಥ ಹೊತ್ತಲ್ಲಿ ಡ್ರಿಪ್ಪು ಹಾಕಿಸಿ ಅಂತ ನೀವು ಕೇಳ್ತೀರಿ, ಬೇಡ ಅಂತ ನಾನು ಹೇಳ್ತೀನಿ.

ಮಗಳು: ಕೇಳೇ ಕೇಳ್ತೀನಿ.

ನರ್ಸ್: ಕೇಳಿ. ನಾನು ಹೇಳಿದ್ದೇ ಸರಿ ಅನ್ನೋ ಗ್ಯಾರಂಟಿ ನನಗೂ ಇಲ್ಲ.

ಒಳಗಿನಿಂದ ಕೆಮ್ಮು ಕೇಳಿಸುತ್ತದೆ, ಇಬ್ಬರೂ ಎದ್ದು ಹೋಗುತ್ತಾರೆ. ಡ್ರಿಪ್ಪಿನ ವಿಷಯದಲ್ಲಿ, ಅಪ್ಪನಿಗೆ ನಿಜ ಹೇಳುವ ವಿಷಯದಲ್ಲಿ ಅವರು ಒಪ್ಪಿಲ್ಲ, ಮುಂದೆಯೂ ಒಪ್ಪಲಿಕ್ಕಿಲ್ಲ. ಸಾಕು ಎನ್ನುವ ಗಳಿಗೆಯ ಬಗ್ಗೆ ನನ್ನ ಮನಸ್ಸು ನರ್ಸ್ ಕಡೆಗೆ ವಾಲುತ್ತದೆ. ಆದರೆ ಮಗಳು ಅಷ್ಟು ಹಟ ಹಿಡಿದು ಕೇಳದಿದ್ದರೆ ಆ ಮಾತ್ರೆಗಳ ಕವರು ಮೇಜಿನ ಮೇಲೆ ಬರುತ್ತಲೇ ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ರೋಗಿ ಇದ್ದರೆ ಅವರ ಸುಸ್ತು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಅವರನ್ನೇ ಕೇಳಿ ಬರೆದಿಡಿ. ಮುಂದಿನ ಸಲ ಡಾಕ್ಟರನ್ನು ಕಾಣುವಾಗ ಆ ಚೀಟಿಯನ್ನೂ, ಮನೆಯಲ್ಲಿರುವ ಮಾತ್ರೆಗಳನ್ನೂ ಒಂದೂ ಬಿಡದೆ ಒಯ್ದು ಅವರ ಮುಂದಿಡಿ.